ತೂತು ದುಂಡಗಿರಬೇಕು

ಗಣೇಶನ ಹಬ್ಬದ ಬೆಳಿಗ್ಗೆ ಗದ್ದೆಯ ಬದುವಿನಲ್ಲೋ ಖಾಲಿ ಸೈಟಿನಲ್ಲೋ ಬಗ್ಗಿ ಕಿತ್ತು ತರುವ ಗರಿಕೆ ನಿಮಗೆಲ್ಲ ಗೊತ್ತು. ಗಾಲ್ಫ್ ಮೈದಾನದ ಹುಲ್ಲುಹಾಸು, ಕ್ರಿಕೆಟ್ ಮೈದಾನದ ಔಟ್‌ಫೀಲ್ಡು, ಇವುಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಬೆಳೆಸುವುದು ಈ ಗರಿಕೆಯ ಬಳಗವನ್ನೇ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಟಿಫ್ಟನ್ ಎಂಬ ಊರಿದೆ. ಅಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಗರಿಕೆಯನ್ನು ಆಫ್ರಿಕಾದ ಅದರದೇ ಒಂದು ದಾಯಾದಿ ಹುಲ್ಲಿನೊಡನೆ ಕೂಡಿಸಿ ಮೈದಾನಕ್ಕೆ ಒಗ್ಗುವ ತಳಿಗಳನ್ನು ತಯಾರಿಸಿದರು. 1956ರಲ್ಲಿ ಟಿಫ್‌ಗ್ರೀನ್ ಬಂತು. ಅದರೊಳಗಿಂದಲೇ ಹುಟ್ಟಿದ ಕುಳ್ಳು ತಳಿ ಟಿಫ್‌ಡ್ವಾರ್ಫ್ 1965ರಲ್ಲಿ ಬಂತು. ಗಾಲ್ಫಿನ ಗ್ರೀನಿನಲ್ಲಿ, ಅಂದರೆ ಕುಳಿಯ ಸುತ್ತಲಿನ ಆ ನುಣುಪು ಹಾಸಿನಲ್ಲಿ, ಇಂಥ ತಳಿಯನ್ನು ನಾಲ್ಕೈದು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ಇಡುತ್ತಾರೆ.

ಗರಿಕೆ ಗಟ್ಟಿ ಜೀವ. ತುಳಿದರೂ ಚಿಗುರುತ್ತದೆ, ಒಣಗಿದರೂ ಮಳೆ ಬಿದ್ದರೆ ಏಳುತ್ತದೆ. ಆದರೆ ಬೇರಿಗೆ ಗಾಳಿ ಸಿಗದಿದ್ದರೆ ಅದೂ ಸೋಲುತ್ತದೆ. ದಿನವೂ ನೂರಾರು ಜನ ನಡೆದಾಡಿ, ಕತ್ತರಿಸುವ ಯಂತ್ರ ಓಡಾಡಿ, ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಣ್ಣಿನ ಕಣಗಳ ನಡುವೆ ಇದ್ದ ಸಂದು ಮುಚ್ಚಿಹೋಗುತ್ತದೆ. ನೀರು ಇಂಗದೆ ಮೇಲೇ ನಿಲ್ಲುತ್ತದೆ, ಬೇರು ಕೆಳಗಿಳಿಯದೆ ಮೇಲುಮೇಲಕ್ಕೇ ಉಳಿಯುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಹುಲ್ಲಿನಡಿಯ ಕೊಳವೆಗಳ ಮೂಲಕ ನೀರು ಹೀರುವ, ಗಾಳಿ ಊದುವ ವ್ಯವಸ್ಥೆ ಮಾಡಿದರು. ಎಲ್ಲ ಮೈದಾನಗಳಿಗೂ ಅಂಥ ಭಾಗ್ಯವಿಲ್ಲ. ಉಳಿದವರಿಗೆ ಇರುವುದು ಒಂದೇ ದಾರಿ, ನೆಲಕ್ಕೆ ತೂತು ಹೊಡೆಯುವುದು.

ಈ ಕೆಲಸವನ್ನು ಮೊದಲು ಕವಲುಗುದ್ದಲಿಯಿಂದ ಮಾಡುತ್ತಿದ್ದರು. ನಾಲ್ಕು ಹಲ್ಲಿನ ಗುದ್ದಲಿಯನ್ನು ಕಾಲಿನಿಂದ ತುಳಿದು ನೆಲಕ್ಕಿಳಿಸಿ, ಒಮ್ಮೆ ಅಲುಗಿಸಿ, ಎಳೆದು, ಮತ್ತೆ ಒಂದು ಗೇಣು ಹಿಂದೆ ಸರಿದು ತುಳಿಯುವುದು. 1946ರಲ್ಲಿ ಅಮೆರಿಕದ ಟಾಮ್ ಮಸ್ಕಾರೋ ಎಂಬುವರು ಈ ಕೆಲಸಕ್ಕೆಂದೇ ಏರಿಫೈಯರ್ ಎಂಬ ಯಂತ್ರವನ್ನು ತಂದರು. ಇಂದಿನ ಯಂತ್ರಗಳಲ್ಲಿ ಸಾಲಾಗಿ ಟೊಳ್ಳು ಮೊಳೆಗಳಿರುತ್ತವೆ, ಹೊಲಿಗೆ ಯಂತ್ರದ ಸೂಜಿಯಂತೆ ಮೇಲಕ್ಕೂ ಕೆಳಕ್ಕೂ ಆಡುತ್ತವೆ. ಒಂದೊಂದು ಏಟಿಗೆ ಒಂದೊಂದು ಮಣ್ಣಿನ ಕಡ್ಡಿಯನ್ನು, ಶಾಲೆಯ ಸೀಮೆಸುಣ್ಣದ ತುಂಡಿನಂಥದ್ದನ್ನು, ಕಿತ್ತು ಮೇಲೆ ಹಾಕುತ್ತವೆ. ಆ ಕಡ್ಡಿಗಳನ್ನು ಗುಡಿಸಿ, ತೂತುಗಳಿಗೆ ಮರಳು ತುಂಬಿದರೆ, ಕೆಲವು ದಿನಗಳಲ್ಲೇ ಆ ತೂತಿನಲ್ಲಿ ಬಿಳಿಯ ಹೊಸ ಬೇರು ಇಳಿದಿರುವುದನ್ನು ಅಗೆದು ನೋಡಬಹುದು. ನಾನು ಇಷ್ಟು ವರ್ಷ ದುಡಿದ ಮೇಲೂ ಆ ಬಿಳಿ ಬೇರು ಕಂಡರೆ ಮನಸ್ಸು ಹಗುರಾಗುತ್ತದೆ.

ನಾನು ಹುಲ್ಲು ಬೆಳೆಸುವವನಲ್ಲ. ಮೈದಾನದ ಯಂತ್ರಗಳನ್ನು ರಿಪೇರಿ ಮಾಡುವ ಶೆಡ್ಡಿನವನು. ಇಂಜಿನ್ನಿನ ಶಕ್ತಿಯನ್ನು ಆ ಮೊಳೆಗಳಿಗೆ ಮುಟ್ಟಿಸುವ ಬೆಲ್ಟು, ಪುಲ್ಲಿ, ಐಡ್ಲರುಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಹಳ್ಳಿಯಲ್ಲಿರುವವರು ಇದು ತಮಗಲ್ಲ ಎಂದುಕೊಳ್ಳಬಾರದು. ನಿಮ್ಮ ಹಿಟ್ಟಿನ ಗಿರಣಿಯಲ್ಲಿ, ಅಡಿಕೆ ಸುಲಿಯುವ ಯಂತ್ರದಲ್ಲಿ, ಪವರ್ ಟಿಲ್ಲರಿನಲ್ಲಿ ತಿರುಗುವುದೂ ಇದೇ ಜಾತಿಯ ಬೆಲ್ಟೇ.

ಒಂದು ಸೋಮವಾರ ನಡೆದದ್ದನ್ನು ಹೇಳುತ್ತೇನೆ. ನಮ್ಮ ಮೈದಾನದಲ್ಲಿ ಸೋಮವಾರ ಆಟವಿಲ್ಲ, ತೂತು ಹೊಡೆಯುವ ಕೆಲಸ ಅವತ್ತೇ. ಮೇ ತಿಂಗಳು, ಒಂದೆರಡು ಮಳೆ ಬಿದ್ದು ಹುಲ್ಲು ಚೆನ್ನಾಗಿ ಹಬ್ಬುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಯಂತ್ರ ಗ್ರೀನಿಗೆ ಇಳಿದಿತ್ತು. ಅದರ ಹಿಂದೆ ಮಣ್ಣಿನ ಕಡ್ಡಿ ಗುಡಿಸುವ ಹೆಂಗಸರು. ಅವರಲ್ಲಿ ಹಿರಿಯರಾದ ಒಬ್ಬ ಅಕ್ಕ ಗುಡಿಸುವುದನ್ನು ನಿಲ್ಲಿಸಿ ಕುಕ್ಕರಗಾಲಲ್ಲಿ ಕೂತರು. ಕಿರುಬೆರಳನ್ನು ಒಂದು ತೂತಿಗೆ ಹಾಕಿ ನೋಡಿ, ನನ್ನನ್ನು ಕೂಗಿದರು. "ಅಣ್ಣಾ, ಇಲ್ಲಿ ಬನ್ನಿ. ತೂತು ದುಂಡಗಿಲ್ಲ. ಎಳೆದಂಗೆ ಆಗಿದೆ."

ಹೋಗಿ ನೋಡಿದೆ. ಅವರು ಹೇಳಿದ್ದು ನಿಜ. ಯಂತ್ರ ಹೋಗುವ ದಿಕ್ಕಿಗೆ ಪ್ರತಿ ತೂತೂ ಉದ್ದುದ್ದವಾಗಿತ್ತು, ಅಂಚಿನಲ್ಲಿ ಹುಲ್ಲು ಮೇಲೆದ್ದಿತ್ತು. ಎರಡು ಸಾಲಿನ ನಡುವೆ ಮೂರು ಬೆರಳಿನ ಅಂತರ ಇರಬೇಕಾದಲ್ಲಿ ನಾಲ್ಕು ಬೆರಳಾಗಿತ್ತು. ಇಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಚಕ್ರಗಳು ಎಂದಿನ ವೇಗದಲ್ಲೇ ಹೋಗುತ್ತಿದ್ದವು. ಹಾಗಿದ್ದರೆ ಮೊಳೆಗಳ ಏಟೇ ನಿಧಾನವಾಗಿರಬೇಕು. ನಮ್ಮ ಯಂತ್ರದಲ್ಲಿ ಚಕ್ರಕ್ಕೆ ಒಂದು ದಾರಿಯಲ್ಲಿ, ಮೊಳೆಗಳಿಗೆ ಇನ್ನೊಂದು ದಾರಿಯಲ್ಲಿ ಶಕ್ತಿ ಹೋಗುತ್ತದೆ. ಮೊಳೆಗಳ ಕಡೆಯ ಬೆಲ್ಟು ಜಾರಿದರೆ ಏಟು ತಡವಾಗುತ್ತದೆ, ಚಕ್ರ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ನೆಲದೊಳಗೆ ಇಳಿದ ಮೊಳೆ ಮೇಲೆ ಬರುವಷ್ಟರಲ್ಲಿ ಯಂತ್ರ ಮುಂದೆ ಸರಿದಿರುತ್ತದೆ. ಮೊಳೆ ಹುಲ್ಲನ್ನು ಸೀಳುತ್ತದೆ.

ಯಂತ್ರ ನಿಲ್ಲಿಸಿದೆ. ರಬ್ಬರು ಸುಟ್ಟ ವಾಸನೆ ಮೂಗಿಗೆ ಬಂತು. ಇಷ್ಟು ಹೊತ್ತು ಗಾಳಿಯ ಬೀಸಿಗೆ ಅದು ನನಗೆ ತಿಳಿದಿರಲಿಲ್ಲ. ಉಳಿದ ಅರ್ಧ ಗ್ರೀನನ್ನು ಅವತ್ತು ಎಂಟು ಜನ ಕವಲುಗುದ್ದಲಿ ಹಿಡಿದು ಮಧ್ಯಾಹ್ನದವರೆಗೆ ತುಳಿದು ಮುಗಿಸಿದರು. ಅವರ ಬೆನ್ನಿನ ಮೇಲಿನ ಬೆವರು ನೋಡುತ್ತಾ ನಾನು ಶೆಡ್ಡಿಗೆ ಯಂತ್ರವನ್ನು ತಳ್ಳಿಕೊಂಡು ಹೋದೆ.

ಕವರು ಬಿಚ್ಚುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು ದೂರ ಕಟ್ಟಿಡಬೇಕು. ಮೊಳೆಗಳ ತಲೆ ಮೇಲೆತ್ತಿದ್ದರೆ ಅದರ ಲಾಕು ಹಾಕಿ, ಕೆಳಗೆ ಮರದ ದಿಮ್ಮಿ ಕೊಡಬೇಕು. ನನಗೆ ಕೆಲಸ ಕಲಿಸಿದವರನ್ನು ನಾವೆಲ್ಲ ಭಾಯಿ ಅನ್ನುತ್ತಿದ್ದೆವು. ಅವರ ಬಲಗೈಯ ತೋರುಬೆರಳಿನಲ್ಲಿ ಒಂದು ಗೆಣ್ಣು ಇರಲಿಲ್ಲ. ನಿಂತ ಇಂಜಿನ್ನಿನ ಬೆಲ್ಟನ್ನು ಕೈಯಿಂದ ತಿರುಗಿಸುತ್ತಿದ್ದಾಗ ಪುಲ್ಲಿಯ ಬಾಯಿಗೆ ಬೆರಳು ಸಿಕ್ಕಿತ್ತು. ಇಂಜಿನ್ ಚಾಲೂ ಇರಲಿಲ್ಲ, ಬರೀ ಕೈಯಿಂದ ಎಳೆದದ್ದು. ಅಷ್ಟೇ ಸಾಕು. ಬೆಲ್ಟು ಪುಲ್ಲಿಯೊಳಗೆ ಹೋಗುವ ಜಾಗದಲ್ಲಿ ಬೆರಳಿಡಬೇಡಿ, ಹೊರಬರುವ ಕಡೆ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ತಳ್ಳಿ. ಗಿರಣಿಯಲ್ಲಿ, ಮೇವು ಕತ್ತರಿಸುವ ಯಂತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಈ ಮಾತು ಮುಟ್ಟಲಿ ಎಂಬುದು ನನ್ನ ಆಸೆ.

ಈಗ ಬೆಲ್ಟಿನ ಒಳಗುಟ್ಟು. ವಿ ಬೆಲ್ಟು 1917ರಲ್ಲಿ ಅಮೆರಿಕದ ಡೆನ್ವರಿನ ಜಾನ್ ಗೇಟ್ಸ್ ಅವರಿಂದ ಬಂದದ್ದು. ಅದಕ್ಕೂ ಮೊದಲು ಚಪ್ಪಟೆ ಪಟ್ಟಿ, ಹಗ್ಗ ಇವುಗಳದೇ ಕಾಲ. ಕೊಡಲಿಯ ಕಾವು ಅಲುಗಾಡಿದರೆ ನಾವು ಬೆಣೆ ಹೊಡೆಯುತ್ತೇವಲ್ಲ, ವಿ ಬೆಲ್ಟಿನ ಗುಟ್ಟು ಅದೇ. ಕೆಳಗೆ ಕಿರಿದು, ಮೇಲೆ ಅಗಲ. ಪುಲ್ಲಿಯ ಕಾಲುವೆಯಲ್ಲಿ ಅದು ಬೆಣೆಯಂತೆ ಇಳಿದು ಎರಡು ಪಕ್ಕೆಗಳಿಂದ ಅಪ್ಪಿಕೊಳ್ಳುತ್ತದೆ. ಹಿಡಿತವೆಲ್ಲ ಪಕ್ಕೆಯಲ್ಲೇ. ತಳ ಕಾಲುವೆಯ ಬುಡಕ್ಕೆ ತಾಗಲೇಬಾರದು. ತಾಗಿತೆಂದರೆ ಬೆಣೆಯ ಗುಣ ಹೋಯಿತು. ಪುಲ್ಲಿಯ ಬುಡ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ, ಎರಡರಲ್ಲಿ ಒಂದು ಸವೆದಿದೆ ಎಂದು ಅರ್ಥ.

ನಾನು ಬಿಚ್ಚಿದ ಬೆಲ್ಟಿನ ಎರಡೂ ಪಕ್ಕೆ ಗಾಜಿನಂತೆ ಮಿಂಚುತ್ತಿದ್ದವು. ಜಾರಿ ಜಾರಿ ಕಾದ ರಬ್ಬರಿಗೆ ಬರುವ ಹೊಳಪು ಅದು. ಆ ಬೆಲ್ಟಿಗೆ ಒಂದು ತಿಂಗಳೂ ತುಂಬಿರಲಿಲ್ಲ. ಅದನ್ನು ತಂದು ಹಾಕಿದವನು ನಾನೇ.

ಇಲ್ಲಿ ನನ್ನ ತಪ್ಪನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಬೇರೆ ಶೆಡ್ಡುಗಳಲ್ಲೂ ಕಂಡಿದ್ದೇನೆ. ಯಂತ್ರದ ಜೊತೆ ಬಂದ ಹಳೆ ಬೆಲ್ಟಿನ ಬೆನ್ನಿನ ಮೇಲೆ 4ಎಲ್ 430 ಎಂದು ಇತ್ತು. ಹೊಸದು ಹೊರಗಿನಿಂದ ಬರಲು ತಡವಾಗುತ್ತಿತ್ತು. ನಾನು ಬೆಂಗಳೂರಿನ ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆಗೆ, ನಾವೆಲ್ಲ ಎಸ್‌ಜೆಪಿ ರೋಡ್ ಅನ್ನುವ ಆ ಬೀದಿಗೆ ಹೋದೆ. ಅಲ್ಲಿ ಬೇರಿಂಗು, ಬೆಲ್ಟು, ನಟ್ಟು ಬೋಲ್ಟು ಎಲ್ಲ ಸಿಗುತ್ತವೆ. 4ಎಲ್ ಬೆಲ್ಟಿನ ಮೇಲಗಲ ಅರ್ಧ ಇಂಚು, ನಮ್ಮಲ್ಲಿ ಸಿಗುವ ಎ ಸೆಕ್ಷನ್ ಬೆಲ್ಟಿನದೂ ಹೆಚ್ಚುಕಡಿಮೆ ಅಷ್ಟೇ, 13 ಮಿಲಿಮೀಟರ್. 430 ಎಂದರೆ 43 ಇಂಚು ಎಂದು ಲೆಕ್ಕ ಹಾಕಿ ಎ 43 ಕೇಳಿದೆ. ಅಂಗಡಿಯವರು ನಾನು ಕೇಳಿದ್ದನ್ನೇ ಕೊಟ್ಟರು.

ನನಗೆ ಅವತ್ತು ಹೊಳೆಯದೇ ಇದ್ದದ್ದು ಇಷ್ಟು. 4ಎಲ್ ಬೆಲ್ಟಿನ ಸಂಖ್ಯೆ ಹೊರಸುತ್ತಿನ ಅಳತೆ. ಎ, ಬಿ ಬೆಲ್ಟುಗಳ ಸಂಖ್ಯೆ ಒಳಸುತ್ತಿನ ಅಳತೆ. ಎ ಬೆಲ್ಟಿನ ಹೊರಸುತ್ತು ಒಳಸುತ್ತಿಗಿಂತ ಸುಮಾರು ಎರಡು ಇಂಚು ಹೆಚ್ಚು. ಹಾಗಾಗಿ ನಾನು ತಂದ ಎ 43 ಬೇಕಾದ್ದಕ್ಕಿಂತ ಎರಡು ಇಂಚು ಉದ್ದ. ಉದ್ದಕ್ಕೆ ಸರಿಹೊಂದುತ್ತಿದ್ದದ್ದು ಎ 41. ಹಾಕುವಾಗ ಬೆಲ್ಟು ಸರಾಗವಾಗಿ ಕೂತಿತ್ತು, ಒಂದಿಷ್ಟೂ ಬಲ ಬೇಕಾಗಿರಲಿಲ್ಲ. ಆ ಸರಾಗವೇ ನನ್ನ ಕೈಗೆ ಏನನ್ನೋ ಹೇಳುತ್ತಿತ್ತು, ನಾನು ಕೇಳಲಿಲ್ಲ.

ನಮ್ಮ ಯಂತ್ರದಲ್ಲಿ ಈ ಬೆಲ್ಟೇ ಕ್ಲಚ್ಚು ಕೂಡ. ಸ್ಪ್ರಿಂಗಿನ ತೋಳಿನಲ್ಲಿ ಕೂತ ಒಂದು ಸಣ್ಣ ಪುಲ್ಲಿ, ಅದನ್ನೇ ಐಡ್ಲರ್ ಎನ್ನುವುದು, ಬೆಲ್ಟಿನ ಬೆನ್ನಿಗೆ ಒತ್ತಿದಾಗ ಮೊಳೆಗಳು ಆಡುತ್ತವೆ, ಬಿಟ್ಟಾಗ ನಿಲ್ಲುತ್ತವೆ. ಬೆಲ್ಟು ಎರಡು ಇಂಚು ಉದ್ದವಾದಾಗ ಐಡ್ಲರಿನ ತೋಳು ತನ್ನ ಕೊನೆಯ ಗಡಿಯವರೆಗೂ ಹೋಗಿ ನಿಂತುಬಿಟ್ಟಿತ್ತು. ಸ್ಪ್ರಿಂಗಿಗೆ ಒತ್ತಲು ಇನ್ನೂ ಶಕ್ತಿಯಿತ್ತು, ತೋಳಿಗೆ ಮುಂದೆ ಹೋಗಲು ಜಾಗವಿರಲಿಲ್ಲ. ಮೃದು ನೆಲದಲ್ಲಿ ಹೇಗೋ ನಡೆಯಿತು. ಗಟ್ಟಿ ಗ್ರೀನಿಗೆ ಬಂದಾಗ ಜಾರಲು ಶುರುವಾಯಿತು.

ಉದ್ದ ಸರಿಯಾದ ಎ 41 ತಂದಿದ್ದರೂ ಕೆಲಸ ಪೂರ್ತಿ ಆಗುತ್ತಿರಲಿಲ್ಲ. ಹುಲ್ಲಿನ ಯಂತ್ರಗಳ ಕ್ಲಚ್ ಬೆಲ್ಟು ಬೆನ್ನಿನ ಕಡೆಗೂ ಬಾಗಬೇಕು, ಹಿಡಿಯುವಾಗ ಬಿಡುವಾಗ ಉಜ್ಜಾಟ ತಡೆಯಬೇಕು. ಅದಕ್ಕಾಗಿ ಒಳಗೆ ಅರಾಮಿಡ್ ಎಳೆ ಹಾಕಿದ ಬೆಲ್ಟುಗಳನ್ನು ಮಾಡುತ್ತಾರೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿ 1965ರಲ್ಲಿ ಕಂಡುಹಿಡಿದ ಕೆವ್ಲಾರ್ ಎಂಬುದು ಇದೇ ಬಗೆಯ ಎಳೆ. ಗುಂಡು ತಡೆಯುವ ಅಂಗಿಯಲ್ಲಿರುವ ಎಳೆಯೇ ಹುಲ್ಲಿನ ಯಂತ್ರದ ಹೊಟ್ಟೆಯಲ್ಲೂ ಇರುತ್ತದೆ. ಒಂದೇ ವೇಗದಲ್ಲಿ ಸದಾ ತಿರುಗುವ ಗಿರಣಿಗೆ ಸಾಧಾರಣ ಬೆಲ್ಟು ಸಾಕು. ಇಲ್ಲಿ ಅದು ಬೇಗ ಸುಡುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಸರಿಯಾದ ಬೆಲ್ಟು ಹಾಕಿಬಿಡಬಹುದಿತ್ತು. ಆದರೆ ಬಿಚ್ಚಿದ ಬೆಲ್ಟನ್ನು ಬೆಂಚಿನ ಮೇಲಿಟ್ಟು ನೋಡಿದಾಗ ಇನ್ನೊಂದು ಗುರುತು ಕಂಡಿತು. ಒಂದು ಪಕ್ಕೆಯ ಅಂಚಿನಲ್ಲಿ ಮಾತ್ರ ನೂಲು ಎದ್ದಿತ್ತು. ಎರಡೂ ಪಕ್ಕೆ ಹೊಳೆದರೆ ಅದು ಜಾರಿದ್ದರ ಗುರುತು. ಒಂದೇ ಪಕ್ಕೆ ಹರಿದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ ಎಂದು ತಿಳಿಯಬೇಕು. ಭಾಯಿ ಯಾವಾಗಲೂ ಹೇಳುತ್ತಿದ್ದರು, "ಬೇಟಾ, ಹೊಸ ಬೆಲ್ಟ್ ಆಮೇಲೆ ಹಾಕು. ಮೊದ್ಲು ಹಳೇದನ್ನ ಪೂರ್ತಿ ನೋಡು." ಅವರ ಗೋಡೆಯ ಮೇಲೆ ಕಿತ್ತ ಬೆಲ್ಟುಗಳನ್ನು ಚೀಟಿ ಕಟ್ಟಿ ತೂಗುಹಾಕಿರುತ್ತಿದ್ದರು, ಯಾವ ಯಂತ್ರದ್ದು, ಯಾವಾಗ ಕಿತ್ತದ್ದು ಎಂದು.

ಎರಡು ದೊಡ್ಡ ಪುಲ್ಲಿಗಳ ಮುಖಕ್ಕೆ ನೇರವಾದ ಉಕ್ಕಿನ ಪಟ್ಟಿ ಹಿಡಿದೆ. ಪಟ್ಟಿ ಇಲ್ಲದಿದ್ದರೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿದರೂ ನಡೆಯುತ್ತದೆ. ಎರಡು ಪುಲ್ಲಿಗಳ ನಾಲ್ಕೂ ಅಂಚು ಪಟ್ಟಿಗೋ ದಾರಕ್ಕೋ ತಾಗಬೇಕು. ತಾಗಿತು. ಹಾಗಾದರೆ ದೋಷ ಐಡ್ಲರಿನಲ್ಲಿರಬೇಕು ಎಂದು ಅದರ ತೋಳನ್ನು ಹಿಡಿದು ಅಲುಗಿಸಿದೆ. ಅದು ಪಕ್ಕಕ್ಕೆ ಆಡುತ್ತಿತ್ತು. ತೋಳಿನ ಬುಡದ ಬುಷ್ಷನ್ನು ಮರಳು ತಿಂದು ಮುಗಿಸಿತ್ತು. ಭಾರ ಬಿದ್ದಾಗ ತೋಳು ವಾಲಿ, ಬೆಲ್ಟನ್ನು ಒಂದು ಪಕ್ಕಕ್ಕೆ ತಳ್ಳುತ್ತಿತ್ತು. ನಾವು ತೂತುಗಳಿಗೆ ತುಂಬುವ ಮರಳೇ ಯಂತ್ರದ ಸಂದುಸಂದಿಗೂ ಹೋಗಿ ಅರಕ್ಕೆ ಸಮನಾದ ಕೆಲಸ ಮಾಡುತ್ತದೆ. ಈ ಯಂತ್ರದ ದೊಡ್ಡ ಶತ್ರು ಅದೇ.

ಐಡ್ಲರಿನ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಬೆಲ್ಟು ಕಳಚಿದಾಗ ಎಲ್ಲ ಪುಲ್ಲಿಗಳನ್ನೂ ಹೀಗೆ ಕೈಯಿಂದ ತಿರುಗಿಸಿ ನೋಡುವ ಅವಕಾಶ ಬಿಡಬಾರದು. ಒಳ್ಳೆಯ ಬೇರಿಂಗು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗುತ್ತದೆ. ಇದು ರಾಗಿ ಬೀಸುವ ಕಲ್ಲಿನಂತೆ ಗರಗರ ಎನ್ನುತ್ತಿತ್ತು. ನಮ್ಮದರಲ್ಲಿ ಇದ್ದದ್ದು 6203, ಒಳತೂತು 17 ಮಿಲಿಮೀಟರಿನ, ಎಲ್ಲ ಕಡೆ ಸಿಗುವ ಬೇರಿಂಗು. ಎರಡೂ ಕಡೆ ರಬ್ಬರ್ ಸೀಲು ಇರುವುದನ್ನೇ ಹಾಕಬೇಕು. ಬರೀ ತಗಡಿನ ಮುಚ್ಚಳ ಇರುವುದು ಮರಳಿನ ಕೆಲಸಕ್ಕೆ ಆಗದು. ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಜೋರು ನೀರು ಹೊಡೆದು ತೊಳೆಯುವ ಹುಡುಗರಿಗೂ ಹೇಳಿದ್ದೇನೆ, ನೀರಿನ ಬಾಯಿಯನ್ನು ಬೇರಿಂಗಿನ ಮುಖಕ್ಕೆ ಹಿಡಿಯಬೇಡಿ, ಸೀಲಿನೊಳಗೆ ನೀರು ಹೋದರೆ ಗ್ರೀಸು ಹೋಗುತ್ತದೆ ಎಂದು. ಒಣ ಮಣ್ಣನ್ನು ಕುಂಚದಿಂದ ಗುಡಿಸಿ ತೆಗೆದರೆ ಸಾಕು.

ಪುಲ್ಲಿಯ ಕಾಲುವೆಯ ಗೋಡೆ ನೇರವಾಗಿರಬೇಕು. ಒಳಗೆ ಬೆರಳಾಡಿಸಿ. ಗೋಡೆ ದೊನ್ನೆಯಂತೆ ಒಳಗೆ ಹಳ್ಳ ಬಿದ್ದಿದ್ದರೆ ಎಷ್ಟು ಹೊಸ ಬೆಲ್ಟು ಹಾಕಿದರೂ ಅದು ಹಿಡಿಯುವುದಿಲ್ಲ. ಬೆಲ್ಟು ಅಗ್ಗ, ಪುಲ್ಲಿ ದುಬಾರಿ ಎಂದು ಹಳ್ಳ ಬಿದ್ದ ಪುಲ್ಲಿಗೆ ಬೆಲ್ಟಿನ ಮೇಲೆ ಬೆಲ್ಟು ಹಾಕುತ್ತಾ ಹೋಗುವ ಶೆಡ್ಡುಗಳನ್ನು ನೋಡಿದ್ದೇನೆ. ಅಲ್ಲಿ ವರ್ಷಕ್ಕೆ ಆಗುವ ಬೆಲ್ಟಿನ ಖರ್ಚಿನಲ್ಲಿ ಪುಲ್ಲಿಯನ್ನೇ ತರಬಹುದು. ಪುಲ್ಲಿಯನ್ನು ಶಾಫ್ಟಿಗೆ ಬಿಗಿಹಿಡಿಯುವ ಕೀಯನ್ನೂ ಗ್ರಬ್ ಸ್ಕ್ರೂವನ್ನೂ ಅದೇ ಹೊತ್ತಿಗೆ ನೋಡಿ. ಕೀ ಸಡಿಲವಾದರೆ ಪ್ರತಿ ಏಟಿಗೂ ಪುಲ್ಲಿ ಶಾಫ್ಟಿನ ಮೇಲೆ ಟಕ್ ಟಕ್ ಎಂದು ಹೊಡೆದುಕೊಂಡು ಶಾಫ್ಟೇ ಹಾಳಾಗುತ್ತದೆ.

ಬೆಲ್ಟನ್ನು ಹಾಕುವುದು ಹೇಗೆ? ಸ್ಕ್ರೂಡ್ರೈವರ್ ತೂರಿಸಿ ಮೀಟಿ ಹತ್ತಿಸಬಾರದು. ಇದನ್ನು ಎಲ್ಲರೂ ಮಾಡುತ್ತಾರೆ, ಎಲ್ಲರ ಬೆಲ್ಟೂ ಇದರಿಂದಲೇ ಬೇಗ ಹೋಗುತ್ತದೆ. ಮೀಟಿದಾಗ ಒಳಗಿನ ಎಳೆಗಳು ಕೆಲವು ಕಡಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಕೆಲವು ದಿನಗಳ ನಂತರ ನೋಡಲು ಹೊಸದಾಗಿಯೇ ಇರುವ ಬೆಲ್ಟು ತಟ್ಟನೆ ತುಂಡಾಗುತ್ತದೆ, ಕಂಪನಿಯ ಮಾಲು ಸರಿಯಿಲ್ಲ ಎಂದು ಬೈಯುತ್ತೇವೆ. ಐಡ್ಲರನ್ನು ಪೂರ್ತಿ ಸಡಿಲಿಸಿ, ಅಥವಾ ಇಂಜಿನ್ನಿನ ಬುಡದ ಬೋಲ್ಟುಗಳನ್ನು ಬಿಚ್ಚಿ ಇಂಜಿನ್ನನ್ನೇ ಹತ್ತಿರ ಸರಿಸಿ, ಬೆಲ್ಟನ್ನು ಕೈಯಿಂದಲೇ ಕೂರಿಸಬೇಕು.

ಬಿಗಿ ಎಷ್ಟಿರಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸ್ಪ್ರಿಂಗಿನ ಐಡ್ಲರ್ ಇದ್ದರೆ ಬಿಗಿಯನ್ನು ಸ್ಪ್ರಿಂಗೇ ನೋಡಿಕೊಳ್ಳುತ್ತದೆ. ಬೆಲ್ಟಿನ ಉದ್ದ ಸರಿಯಿದೆಯೇ, ತೋಳು ತನ್ನ ಗಡಿಗೆ ತಾಗದೆ ನಡುವೆಲ್ಲೋ ನಿಲ್ಲುತ್ತದೆಯೇ ಎಂದು ನೋಡಿದರಾಯಿತು. ಇಂಜಿನ್ ಸರಿಸಿ ಬಿಗಿ ಮಾಡುವ ಬಗೆಯಾದರೆ, ಎರಡು ಪುಲ್ಲಿಗಳ ನಡುಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಪುಲ್ಲಿಗಳ ನಡುವಿನ ಪ್ರತಿ ಅಡಿಗೆ ಸುಮಾರು 5 ಮಿಲಿಮೀಟರ್ ತಗ್ಗಬೇಕು. ಕಾಯಿಸಿದ ತಮಟೆಯಂತೆ ಠಣ್ ಎನ್ನುವಷ್ಟು ಬಿಗಿದರೆ ಬೇರಿಂಗು ಸುಟ್ಟು, ಇಂಜಿನ್ನಿನ ಶಾಫ್ಟಿಗೂ ಏಟು. ಈ ಯಂತ್ರಕ್ಕಂತೂ ಅತಿ ಬಿಗಿ ಇನ್ನೂ ಕೆಟ್ಟದ್ದು. ನಮ್ಮ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲು ಇದ್ದೇ ಇರುತ್ತದೆ. ಮೊಳೆ ಕಲ್ಲಿಗೆ ಹೊಡೆದ ಆ ಗಳಿಗೆಯಲ್ಲಿ ಬೆಲ್ಟು ಒಂದಿಷ್ಟು ಜಾರಿ ಆಘಾತವನ್ನು ತಾನು ನುಂಗುತ್ತದೆ. ಅಷ್ಟು ಜಾರುವ ಅವಕಾಶ ಅದಕ್ಕೆ ಇರಬೇಕು. ಇಲ್ಲದಿದ್ದರೆ ಆ ಏಟು ಮೊಳೆಗಳನ್ನು ಆಡಿಸುವ ಕ್ರ್ಯಾಂಕಿಗೆ ಹೋಗುತ್ತದೆ.

ಹೊಸ ಬೆಲ್ಟು ಮೊದಲ ದಿನದ ಓಟದಲ್ಲೇ ಸ್ವಲ್ಪ ಹಿಗ್ಗಿ, ಕಾಲುವೆಯಲ್ಲಿ ಸ್ವಲ್ಪ ಇಳಿದು ಕೂರುತ್ತದೆ. ಹಾಗಾಗಿ ಒಂದು ದಿನದ ಕೆಲಸವಾದ ಮೇಲೆ ಕವರು ತೆಗೆದು ಇನ್ನೊಮ್ಮೆ ಒತ್ತಿ ನೋಡಬೇಕು. ಜೋಡಿ ಬೆಲ್ಟುಗಳಿದ್ದಲ್ಲಿ ಒಂದು ಹೋದರೂ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಬೇಕು. ಹಳೆಯದು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಬೆಲ್ಟು ಕಿರುಗುಟ್ಟಿದರೆ ಸೋಪು, ಮೇಣ, ಎಣ್ಣೆ ಏನನ್ನೂ ಹಚ್ಚಬೇಡಿ. ಎಣ್ಣೆ ತಾಗಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಮಿಕ್ಕ ಬೆಲ್ಟನ್ನು ಒಂದೇ ಮೊಳೆಗೆ ತೂಗುಹಾಕಿ ವರ್ಷಗಟ್ಟಲೆ ಬಿಡಬೇಡಿ, ಆ ಒಂದು ಜಾಗದಲ್ಲೇ ಮಡಿಕೆ ಬೀಳುತ್ತದೆ. ಬಿಸಿಲು ಬೀಳದ ಹಲಗೆಯ ಮೇಲೆ ಸಡಿಲವಾಗಿ ಸುತ್ತಿಡಿ.

ಸರಿಯಾದ ಬೆಲ್ಟು ಬರಲು ಹತ್ತು ದಿನವಾಯಿತು. ಅಷ್ಟರಲ್ಲಿ ತೋಳಿಗೆ ಹೊಸ ಬುಷ್ಷು ಕೂರಿಸಿ, ಬೇರಿಂಗು ಬದಲಿಸಿ, ಕವರಿನ ಕೆಳಗೆ ಮರಳು ನುಗ್ಗುತ್ತಿದ್ದ ಒಂದು ಸಂದಿಗೆ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಪರದೆಯಂತೆ ಹೊಡೆದೆ. ಬೆಲ್ಟು ಬಂದಾಗ ಅದನ್ನು ಯಂತ್ರದ ಜೊತೆ ಬಂದಿದ್ದ ಹಳೆಯದರ ಪಕ್ಕದಲ್ಲಿಟ್ಟು ಅಳೆದೆ, ಸಂಖ್ಯೆ ನೋಡಿ ನಂಬಲಿಲ್ಲ. ಹಾಕುವಾಗ ಈ ಸಲ ಕೈಗೆ ಸ್ವಲ್ಪ ಬಲ ಬೇಕಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಯಂತ್ರ ಗ್ರೀನಿಗೆ ಇಳಿಯಿತು. ಎರಡು ಸಾಲು ಹೊಡೆದ ಮೇಲೆ ನಾನು ನಿಲ್ಲಿಸಲು ಹೇಳಿ ಪಕ್ಕಕ್ಕೆ ನಿಂತೆ. ಆ ಅಕ್ಕ ಪೊರಕೆ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತರು. ಕಿರುಬೆರಳನ್ನು ಒಂದು ತೂತಿಗೆ ಇಳಿಸಿ ಸುತ್ತ ಆಡಿಸಿದರು. ಪಕ್ಕದ ತೂತಿಗೂ ಇಳಿಸಿದರು. ಆಮೇಲೆ ಎದ್ದು ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, ಗುಡಿಸಲು ಶುರು ಮಾಡಿದರು.